ಮಾರ್ಚ್ ಮ್ಯಾಡ್ನೆಸ್: ಮನೆಮಂದಿಯೆಲ್ಲ ಕೂಡಿ ನೋಡಲು ಒಂದು ಮಾರ್ಗದರ್ಶಿ

ಅಮೆರಿಕದ ಕಾಲೇಜು ಬಾಸ್ಕೆಟ್‌ಬಾಲ್ ಟೂರ್ನಿ ಮಾರ್ಚ್ ಮಧ್ಯದಲ್ಲಿ ಆರಂಭವಾಗಿ ಏಪ್ರಿಲ್ ಆರಂಭದಲ್ಲಿ ಮುಗಿಯುತ್ತದೆ. ಮಾರ್ಚ್ ಮ್ಯಾಡ್ನೆಸ್ ಎಂದು ಎಲ್ಲರ ಬಾಯಲ್ಲಿರುವ ಈ ಮೂರು ವಾರಗಳಲ್ಲಿ, ವರ್ಷದ ಉಳಿದ ದಿನ ಬಾಸ್ಕೆಟ್‌ಬಾಲ್ ಕಡೆ ತಿರುಗಿಯೂ ನೋಡದವರು ಕೂಡ ಟಿವಿಯ ಮುಂದೆ ಕೂರುತ್ತಾರೆ. ನಾರ್ತ್ ಕ್ಯಾರೊಲೈನಾದ ರಾಲಿ, ಡರ್ಹಮ್, ಕ್ಯಾರಿ ಸುತ್ತಮುತ್ತ ನೆಲೆಸಿರುವ ನಮ್ಮಂಥ ಕನ್ನಡ ಕುಟುಂಬಗಳಿಗೆ ಇದು ಪಕ್ಕದ ಬೀದಿಯ ಉತ್ಸವವಿದ್ದಂತೆ. ಡರ್ಹಮ್‌ನ ಡ್ಯೂಕ್ ವಿಶ್ವವಿದ್ಯಾಲಯಕ್ಕೂ ಚಾಪೆಲ್ ಹಿಲ್‌ನ ನಾರ್ತ್ ಕ್ಯಾರೊಲೈನಾ ವಿಶ್ವವಿದ್ಯಾಲಯಕ್ಕೂ ನಡುವೆ ಇರುವುದು ಹತ್ತು ಮೈಲಿಯಷ್ಟು ದೂರ. ರಾಲಿಯ ನಾರ್ತ್ ಕ್ಯಾರೊಲೈನಾ ಸ್ಟೇಟ್ ಅಲ್ಲಿಂದ ಅರ್ಧ ಗಂಟೆಯ ದಾರಿ. ಈ ಮೂರೂ ಕಾಲೇಜುಗಳು ಪುರುಷರ ಟೂರ್ನಿಯನ್ನು ಗೆದ್ದಿವೆ.

ಈ ಟೂರ್ನಿಯನ್ನು ಕುಟುಂಬವಾಗಿ ನೋಡಬೇಕೆಂಬ ಆಸೆ ಹಲವರಿಗಿದ್ದರೂ, ಅದು ಎರಡನೆಯ ದಿನಕ್ಕೇ ಅಪ್ಪ ಒಬ್ಬರೇ ಟಿವಿ ನೋಡುವುದು, ಉಳಿದವರು ಅವರವರ ಫೋನಿನಲ್ಲಿ ಮುಳುಗುವುದು ಎಂಬಲ್ಲಿಗೆ ಬಂದು ನಿಲ್ಲುತ್ತದೆ. ಹಾಗಾಗದಿರಲು ಇರುವ ಒಂದೇ ಒಂದು ಗಟ್ಟಿ ಉಪಾಯವೆಂದರೆ, ಮನೆಯ ಪ್ರತಿಯೊಬ್ಬರ ಕೈಯಲ್ಲೂ ಅವರದೇ ಬ್ರಾಕೆಟ್, ಅಂದರೆ ಪ್ರತಿ ಪಂದ್ಯದಲ್ಲೂ ಯಾರು ಗೆಲ್ಲುತ್ತಾರೆಂದು ಮೊದಲೇ ಊಹಿಸಿ ಬರೆಯುವ ಹಾಳೆ ಇರಬೇಕು, ಅದನ್ನು ಅವರೇ ತುಂಬಿರಬೇಕು. ಈ ಲೇಖನದ ಉಳಿದೆಲ್ಲ ಸಲಹೆಗಳೂ ಈ ಒಂದು ಮಾತನ್ನು ಆಧರಿಸಿವೆ.

ಮೊದಲಿಗೆ ಟೂರ್ನಿಯ ಚೌಕಟ್ಟನ್ನು ತಿಳಿಯಿರಿ

1939ರಲ್ಲಿ ಎಂಟು ತಂಡಗಳೊಂದಿಗೆ ಆರಂಭವಾದ ಪುರುಷರ ಟೂರ್ನಿ 1985ರಲ್ಲಿ 64 ತಂಡಗಳಿಗೂ, 2011ರಲ್ಲಿ 68 ತಂಡಗಳಿಗೂ ಬೆಳೆಯಿತು. ತಮ್ಮ ತಮ್ಮ ಕಾನ್ಫರೆನ್ಸ್‌ನ (ಋತುವಿಡೀ ಪರಸ್ಪರ ಆಡುವ ಕಾಲೇಜುಗಳ ಗುಂಪು) ಟೂರ್ನಿ ಗೆದ್ದ ತಂಡಗಳಿಗೆ ನೇರ ಪ್ರವೇಶವಿರುತ್ತದೆ. ಉಳಿದ ಸ್ಥಾನಗಳನ್ನು ಆಯ್ಕೆ ಸಮಿತಿ ತುಂಬುತ್ತದೆ. ಕೊನೆಯ ನಾಲ್ಕು ಸ್ಥಾನಗಳಿಗಾಗಿ ಒಹಾಯೋದ ಡೇಟನ್ ನಗರದಲ್ಲಿ ಮಂಗಳವಾರ ಮತ್ತು ಬುಧವಾರ ನಡೆಯುವ ಪಂದ್ಯಗಳಿಗೆ ಫಸ್ಟ್ ಫೋರ್ ಎಂದು ಹೆಸರು. ಆಮೇಲೆ ಉಳಿಯುವ 64 ತಂಡಗಳು ಈಸ್ಟ್, ವೆಸ್ಟ್, ಸೌತ್, ಮಿಡ್‌ವೆಸ್ಟ್ ಎಂಬ ನಾಲ್ಕು ವಿಭಾಗಗಳಲ್ಲಿ ಹಂಚಿಹೋಗಿ, ಪ್ರತಿ ವಿಭಾಗದಲ್ಲೂ 1ರಿಂದ 16ರ ವರೆಗೆ ಸೀಡ್, ಅಂದರೆ ಬಲಕ್ಕೆ ತಕ್ಕ ಕ್ರಮಾಂಕ ಪಡೆಯುತ್ತವೆ. ಒಂದನೆಯ ಸೀಡ್ ಹದಿನಾರನೆಯದರೊಂದಿಗೆ, ಎರಡನೆಯದು ಹದಿನೈದನೆಯದರೊಂದಿಗೆ, ಹೀಗೆ ಪ್ರಬಲ ತಂಡಕ್ಕೆ ದುರ್ಬಲ ತಂಡ ಎದುರಾಗುತ್ತದೆ. ಸೋತವರು ಅಂದೇ ಮನೆಗೆ ಹೊರಡುತ್ತಾರೆ.

ವೃತ್ತಿಪರ ಎನ್‌ಬಿಎ ಪ್ಲೇಆಫ್‌ನಲ್ಲಿ ಏಳು ಪಂದ್ಯಗಳಲ್ಲಿ ನಾಲ್ಕನ್ನು ಗೆದ್ದವರು ಮುಂದೆ ಹೋಗುವುದರಿಂದ ಒಂದು ದಿನದ ಎಡವಟ್ಟನ್ನು ಸರಿಪಡಿಸಿಕೊಳ್ಳಲು ಅವಕಾಶವಿದೆ. ಇಲ್ಲಿ ಆ ಅವಕಾಶವಿಲ್ಲ. ನಲವತ್ತು ನಿಮಿಷಗಳಲ್ಲಿ ಒಂದು ಸಣ್ಣ ಕಾಲೇಜು ದೊಡ್ಡ ಕಾಲೇಜಿನ ಇಡೀ ವರ್ಷದ ಶ್ರಮವನ್ನು ಮುಗಿಸಿಬಿಡಬಹುದು. ಆಟದ ಸೂಕ್ಷ್ಮ ತಿಳಿಯದ ಅಜ್ಜಿಗೂ ಎಂಟು ವರ್ಷದ ಮೊಮ್ಮಗನಿಗೂ ಒಂದೇ ಸಲ ಎದೆ ಹೊಡೆದುಕೊಳ್ಳುವುದು ಈ ಕಾರಣಕ್ಕೆ.

ಮಾರ್ಚ್ ಮೊದಲ ವಾರದಲ್ಲೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿ

ತಂಡಗಳ ಪಟ್ಟಿ ಪ್ರಕಟವಾಗುವ ಸೆಲೆಕ್ಷನ್ ಸಂಡೇ, ಅದರ ಮುಂದಿನ ಗುರುವಾರ ಮತ್ತು ಶುಕ್ರವಾರದ ಮೊದಲ ಸುತ್ತು, ಶನಿವಾರ ಮತ್ತು ಭಾನುವಾರದ ಎರಡನೆಯ ಸುತ್ತು, ಮುಂದಿನ ವಾರಾಂತ್ಯದ ಸ್ವೀಟ್ ಸಿಕ್ಸ್‌ಟೀನ್ (ಉಳಿದ ಹದಿನಾರು ತಂಡಗಳ ಸುತ್ತು) ಮತ್ತು ಎಲೀಟ್ ಎಯ್ಟ್ (ಎಂಟು ತಂಡಗಳದ್ದು), ಅದರ ಮುಂದಿನ ಶನಿವಾರದ ಫೈನಲ್ ಫೋರ್ (ಕೊನೆಯ ನಾಲ್ಕು ತಂಡಗಳ ಸೆಮಿಫೈನಲ್), ಸೋಮವಾರ ರಾತ್ರಿಯ ಅಂತಿಮ ಪಂದ್ಯ: ಇಷ್ಟನ್ನೂ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಬರೆದಿಡಿ. ಅದರ ಪಕ್ಕದಲ್ಲೇ ಮಕ್ಕಳ ಪರೀಕ್ಷೆ, ಸಂಗೀತ ತರಗತಿ, ದೊಡ್ಡವರ ಕಚೇರಿಯ ಮುಖ್ಯ ಕೆಲಸಗಳನ್ನೂ ಬರೆಯಿರಿ. ಯಾವ ದಿನ ಎಲ್ಲರೂ ಇರುತ್ತಾರೆ ಎಂಬುದು ಆಗ ಸ್ಪಷ್ಟವಾಗುತ್ತದೆ.

ನಮ್ಮವರು ಮರೆಯಬಾರದ ಇನ್ನೊಂದು ಸಂಗತಿಯಿದೆ. ಯುಗಾದಿ ಹಲವು ವರ್ಷಗಳಲ್ಲಿ ಈ ಮೂರು ವಾರಗಳೊಳಗೇ ಬೀಳುತ್ತದೆ. 2025ರಲ್ಲಿ ಹಬ್ಬ ಬಂದದ್ದು ಮಾರ್ಚ್ 30ರ ಭಾನುವಾರ, ಎಲೀಟ್ ಎಯ್ಟ್ ದಿನ; 2026ರಲ್ಲಿ ಮಾರ್ಚ್ 19ರ ಗುರುವಾರ, ಮೊದಲ ಸುತ್ತು ಆರಂಭವಾಗುವ ದಿನ. ಬೆಳಿಗ್ಗೆ ಎಣ್ಣೆಸ್ನಾನ, ಬೇವು-ಬೆಲ್ಲ, ಪೂಜೆ ಮುಗಿಸಿದರೆ ಪೂರ್ವ ಕರಾವಳಿಯ ಸಮಯದಲ್ಲಿ ಮಧ್ಯಾಹ್ನದ ಹೊತ್ತಿಗೆ ಮೊದಲ ಪಂದ್ಯ ಶುರುವಾಗುತ್ತದೆ. ಒಬ್ಬಟ್ಟಿನ ಊಟಕ್ಕೆ ಬಂದ ನೆಂಟರಿಗೆ ಪಂದ್ಯದ ವಿಷಯವನ್ನು ಮೊದಲೇ ತಿಳಿಸಿಬಿಡಿ. ಬಂದವರ ಮುಂದೆ ಟಿವಿ ಹಾಕುವುದೋ ಬೇಡವೋ ಎಂಬ ಮುಜುಗರ ತಪ್ಪುತ್ತದೆ, ಅವರಿಗೂ ಒಂದೊಂದು ಬ್ರಾಕೆಟ್ ಕೊಡಬಹುದು.

ಪುರುಷರ ಪಂದ್ಯಗಳು ಸಿಬಿಎಸ್, ಟಿಬಿಎಸ್, ಟಿಎನ್‌ಟಿ ಮತ್ತು ಟ್ರೂಟಿವಿ ಎಂಬ ನಾಲ್ಕು ವಾಹಿನಿಗಳಲ್ಲಿ ಹಂಚಿಕೆಯಾಗಿ ಬರುತ್ತವೆ; ಮಹಿಳೆಯರ ಪಂದ್ಯಗಳು ಇಎಸ್‌ಪಿಎನ್ ಬಳಗದ ವಾಹಿನಿಗಳಲ್ಲಿ ಮತ್ತು ಎಬಿಸಿಯಲ್ಲಿ ಬರುತ್ತವೆ. ನಿಮ್ಮ ಮನೆಯ ಸಂಪರ್ಕದಲ್ಲಿ ಇವುಗಳಲ್ಲಿ ಯಾವುದು ಬರುತ್ತದೆ, ಯಾವುದು ಬರುವುದಿಲ್ಲ ಎಂಬುದನ್ನು ಪಂದ್ಯದ ದಿನ ಮಧ್ಯಾಹ್ನ ರಿಮೋಟ್ ಹಿಡಿದು ಹುಡುಕುವ ಬದಲು ಹಿಂದಿನ ವಾರವೇ ನೋಡಿಕೊಳ್ಳುವುದು ಒಳ್ಳೆಯದು. ಟ್ರೂಟಿವಿ ಎಲ್ಲಿ ಬರುತ್ತದೆ ಎಂಬುದು ವರ್ಷದ ಉಳಿದ ದಿನಗಳಲ್ಲಿ ಯಾರಿಗೂ ನೆನಪಿರುವುದಿಲ್ಲ.

ಊರಿನಲ್ಲಿರುವವರನ್ನು ಸೇರಿಸಿಕೊಳ್ಳಿ

ಮೈಸೂರಿನಲ್ಲೋ ಶಿವಮೊಗ್ಗದಲ್ಲೋ ಇರುವ ಅಜ್ಜ-ಅಜ್ಜಿಯರನ್ನು ಇದರಿಂದ ಹೊರಗಿಡಬೇಕಾಗಿಲ್ಲ. ಮಾರ್ಚ್ ಎರಡನೆಯ ಭಾನುವಾರ ಅಮೆರಿಕದ ಗಡಿಯಾರಗಳು ಒಂದು ಗಂಟೆ ಮುಂದೆ ಹೋದ ಮೇಲೆ ಪೂರ್ವ ಕರಾವಳಿಗೂ ಭಾರತಕ್ಕೂ ಒಂಬತ್ತೂವರೆ ಗಂಟೆಯ ಅಂತರವಿರುತ್ತದೆ. ಇಲ್ಲಿ ಮಧ್ಯಾಹ್ನ 12ಕ್ಕೆ ಆರಂಭವಾಗುವ ಪಂದ್ಯ ಅಲ್ಲಿ ರಾತ್ರಿ 9.30ಕ್ಕೆ, ಊಟ ಮುಗಿಸಿ ಕೂರುವ ಹೊತ್ತಿಗೆ ಸರಿಯಾಗಿ ಬರುತ್ತದೆ. ಸೋಮವಾರ ರಾತ್ರಿ ಒಂಬತ್ತರ ಆಸುಪಾಸಿನಲ್ಲಿ ಆರಂಭವಾಗುವ ಅಂತಿಮ ಪಂದ್ಯ ಊರಿನಲ್ಲಿ ಮಂಗಳವಾರ ಬೆಳಿಗ್ಗೆ ಆರೂವರೆಯ ಕಾಫಿಯ ಸಮಯ. ಸಂಜೆಯ ಪಂದ್ಯಗಳು ಮಾತ್ರ ಅವರಿಗೆ ಅಪರಾತ್ರಿಯಾಗುವುದರಿಂದ ಅವುಗಳಿಗಾಗಿ ಎದ್ದು ಕೂರಲು ಒತ್ತಾಯಿಸಬೇಡಿ. ಬೆಳಿಗ್ಗೆ ಎದ್ದಾಗ ನೋಡಲು ಮುಖ್ಯಾಂಶಗಳ ವಿಡಿಯೋ ಕಳಿಸಿದರೆ ಸಾಕು.

ಬ್ರಾಕೆಟ್ಟಿನ ಹಾಳೆಯನ್ನು ವಾಟ್ಸಾಪ್‌ನಲ್ಲಿ ಕಳಿಸಿ, ಫೋನಿನಲ್ಲಿ ಕಾಲೇಜುಗಳ ಹೆಸರು ಓದುತ್ತಾ ಹೋಗಿ, ಅವರು ಹೇಳಿದ್ದನ್ನು ಮೊಮ್ಮಕ್ಕಳ ಕೈಯಿಂದ ಬರೆಸಿ. ನಮ್ಮ ಮನೆಯಲ್ಲಿ ಅತ್ತೆಯವರ ಬ್ರಾಕೆಟ್ ಸಿದ್ಧವಾಗುವುದು ಹೀಗೆಯೇ. "ಗೊನ್ಜಾಗಾ ಅಂದ್ರೆ ಯಾವ ಊರದು ಪುಟ್ಟಾ?" ಎಂದು ಅವರು ಕೇಳಿದಾಗ ಮಗಳು ಅಟ್ಲಾಸ್ ತೆರೆದು ವಾಷಿಂಗ್ಟನ್ ರಾಜ್ಯದ ಸ್ಪೋಕೇನ್ ನಗರವನ್ನು ಹುಡುಕಿ ಹೇಳುತ್ತಾಳೆ, ಆ ಊರಿನಲ್ಲಿ ಈಗ ಚಳಿಯೋ ಬಿಸಿಲೋ ಎಂಬ ಮುಂದಿನ ಪ್ರಶ್ನೆಗೂ ಉತ್ತರ ಹುಡುಕಬೇಕಾಗುತ್ತದೆ. ಒಂದು ಗಂಟೆ ಹಿಡಿಯುವ ಈ ಕೆಲಸವನ್ನು ಬೇಗ ಮುಗಿಸಲು ಹೋಗಬೇಡಿ. ಇಬ್ಬರೂ ಮನಸ್ಸಿಟ್ಟು ಮಾತಾಡುವ ಅಷ್ಟು ದೀರ್ಘ ಕರೆ ವರ್ಷದಲ್ಲಿ ಬೇರೆ ಯಾವಾಗಲೂ ಸಿಗುವುದಿಲ್ಲ.

ಬ್ರಾಕೆಟ್ ತುಂಬುವ ಬಗೆ

ಸೆಲೆಕ್ಷನ್ ಸಂಡೇ ಸಂಜೆ ಆರು ಗಂಟೆಗೆ ಸಿಬಿಎಸ್‌ನಲ್ಲಿ ತಂಡಗಳ ಘೋಷಣೆ ಆರಂಭವಾಗುತ್ತದೆ. ಅದು ಮುಗಿದ ಕೂಡಲೇ ಪೂರ್ತಿ ಬ್ರಾಕೆಟ್ ಮುದ್ರಣಕ್ಕೆ ಸಿಗುತ್ತದೆ. ಮನೆಯಲ್ಲಿ ಎಷ್ಟು ಜನರಿದ್ದಾರೋ ಅದಕ್ಕಿಂತ ಎರಡು ಹೆಚ್ಚು ಪ್ರತಿಗಳನ್ನು ತೆಗೆಯಿರಿ. ಇಎಸ್‌ಪಿಎನ್ ಮತ್ತು ಟೂರ್ನಿ ನಡೆಸುವ ಸಂಸ್ಥೆಯಾದ ಎನ್‌ಸಿಎಎ ಎರಡರ ಜಾಲತಾಣದಲ್ಲೂ ಉಚಿತವಾಗಿ ಬ್ರಾಕೆಟ್ ದಾಖಲಿಸಿ ಮನೆಮಂದಿಯ ಗುಂಪು ಮಾಡಿಕೊಳ್ಳಬಹುದು, ಅಂಕಗಳೂ ತಾವಾಗಿಯೇ ಲೆಕ್ಕವಾಗುತ್ತವೆ. ಆದರೂ ಕಾಗದದ ಪ್ರತಿಯನ್ನು ಬಿಡಬೇಡಿ. ಫೋನಿನಲ್ಲಿರುವ ಬ್ರಾಕೆಟ್ ಒಬ್ಬರಿಗೆ ಮಾತ್ರ ಕಾಣುತ್ತದೆ; ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ ಹಾಳೆಯ ಮುಂದೆ ಹಾಲು ತೆಗೆಯಲು ಬಂದವರೆಲ್ಲ ಒಂದು ಕ್ಷಣ ನಿಲ್ಲುತ್ತಾರೆ, ಅಲ್ಲೇ ವಾದ ಆರಂಭವಾಗುತ್ತದೆ. ಮೊದಲು ಪೆನ್ಸಿಲಿನಲ್ಲಿ ತುಂಬಿ, ಬುಧವಾರ ರಾತ್ರಿ ಪೆನ್ನಿನಲ್ಲಿ ತಿದ್ದಿ, ಕೆಳಗೆ ಸಹಿ ಹಾಕಬೇಕೆಂದು ನಿಯಮ ಮಾಡಿ. ಗುರುವಾರ ಮೊದಲ ಪಂದ್ಯ ಆರಂಭವಾದ ಮೇಲೆ ಯಾರೂ ಏನನ್ನೂ ಬದಲಿಸುವಂತಿಲ್ಲ.

ಎಲ್ಲ ಪಂದ್ಯಗಳನ್ನೂ ಸರಿಯಾಗಿ ಊಹಿಸಬೇಕೆಂಬ ಆಸೆಯನ್ನು ಮೊದಲೇ ಬಿಟ್ಟುಬಿಡಿ. ಫಸ್ಟ್ ಫೋರ್ ಬಿಟ್ಟು 63 ಪಂದ್ಯಗಳಿವೆ. ಪ್ರತಿಯೊಂದಕ್ಕೂ ಎರಡೇ ಫಲಿತಾಂಶವೆಂದರೂ ಒಟ್ಟು ಸಾಧ್ಯತೆಗಳ ಸಂಖ್ಯೆ 9ರ ಮುಂದೆ 18 ಸೊನ್ನೆಗಳನ್ನು ಇಟ್ಟಷ್ಟಾಗುತ್ತದೆ. ಲಕ್ಷಾಂತರ ಜನ ಪ್ರತಿ ವರ್ಷ ಪ್ರಯತ್ನಿಸಿದರೂ ಪರಿಪೂರ್ಣ ಬ್ರಾಕೆಟ್ ಯಾರದ್ದೂ ದೃಢಪಟ್ಟಿಲ್ಲ. 2019ರಲ್ಲಿ ಒಹಾಯೋದ ಒಬ್ಬರು ಮೊದಲ 49 ಪಂದ್ಯಗಳನ್ನು ಸರಿಯಾಗಿ ಊಹಿಸಿದ್ದೇ ದೊಡ್ಡ ಸುದ್ದಿಯಾಯಿತು, ಐವತ್ತನೆಯದು ಅವರ ಕೈಕೊಟ್ಟಿತು. ಗಣಿತದ ಮೇಲೆ ಪ್ರೀತಿಯಿರುವ ಮಕ್ಕಳಿಗೆ ಎರಡನ್ನು ಎರಡರಿಂದ ಗುಣಿಸುತ್ತಾ ಹೋಗಲು ಹೇಳಿ. ಹತ್ತನೆಯ ಹೆಜ್ಜೆಗೆ ಸಾವಿರ ದಾಟುವುದನ್ನೂ ಇಪ್ಪತ್ತನೆಯದಕ್ಕೆ ಹತ್ತು ಲಕ್ಷ ದಾಟುವುದನ್ನೂ ಅವರೇ ಕಂಡುಕೊಳ್ಳಲಿ.

ಹಾಗೆಂದು ಕಣ್ಣುಮುಚ್ಚಿ ತುಂಬಬೇಕಾಗಿಯೂ ಇಲ್ಲ. ಹಳೆಯ ಫಲಿತಾಂಶಗಳು ಕೆಲವು ಗಟ್ಟಿಯಾದ ಸುಳಿವುಗಳನ್ನು ಕೊಡುತ್ತವೆ. 1985ರಿಂದ 2025ರ ವರೆಗೆ ಪುರುಷರ ಟೂರ್ನಿಯಲ್ಲಿ ಒಂದನೆಯ ಸೀಡ್ ತಂಡಗಳು ಹದಿನಾರನೆಯ ಸೀಡ್ ವಿರುದ್ಧ ಆಡಿದ 160 ಪಂದ್ಯಗಳಲ್ಲಿ ಸೋತದ್ದು ಎರಡೇ: 2018ರಲ್ಲಿ ಯುಎಂಬಿಸಿ ಎಂಬ ಮೇರಿಲ್ಯಾಂಡಿನ ಕಾಲೇಜು ವರ್ಜೀನಿಯಾವನ್ನು 74-54ರಿಂದ ಸೋಲಿಸಿತು, 2023ರಲ್ಲಿ ಫೇರ್ಲಿ ಡಿಕಿನ್‌ಸನ್ ತಂಡ ಪರ್ಡ್ಯೂವನ್ನು 63-58ರಿಂದ ಮಣಿಸಿತು. ಆದ್ದರಿಂದ ಒಂದನೆಯ ಸೀಡ್‌ಗಳನ್ನು ಮೊದಲ ಸುತ್ತಿನಲ್ಲಿ ಧೈರ್ಯವಾಗಿ ಮುಂದೆ ಕಳಿಸಿ. ಅದೇ ಅವಧಿಯಲ್ಲಿ ಎರಡನೆಯ ಸೀಡ್ ತಂಡಗಳು ಹದಿನೈದನೆಯದರ ಎದುರು ಹನ್ನೊಂದು ಸಲ ಸೋತಿವೆ. ಎಂಟು ಮತ್ತು ಒಂಬತ್ತನೆಯ ಸೀಡ್‌ಗಳ ಪಂದ್ಯ ಹೆಚ್ಚುಕಡಿಮೆ ಸಮಬಲದ್ದು, ಅಲ್ಲಿ ಸೀಡ್ ನೋಡಿ ನಿರ್ಧರಿಸುವುದರಲ್ಲಿ ಅರ್ಥವಿಲ್ಲ. ಐದನೆಯ ಸೀಡ್ ಮತ್ತು ಹನ್ನೆರಡನೆಯ ಸೀಡ್ ನಡುವಿನ ನಾಲ್ಕು ಪಂದ್ಯಗಳ ಮೇಲೆ ವಿಶೇಷ ಗಮನವಿರಲಿ. ಬಹುತೇಕ ಪ್ರತಿ ವರ್ಷ ಒಬ್ಬ ಹನ್ನೆರಡನೆಯವನಾದರೂ ಇಲ್ಲಿ ಗೆದ್ದುಬಿಡುತ್ತಾನೆ. ಮಕ್ಕಳಿಗೆ ಅಚ್ಚರಿಯ ಫಲಿತಾಂಶ ಆರಿಸುವ ಹುಮ್ಮಸ್ಸಿದ್ದರೆ ಅವರನ್ನು ಈ ನಾಲ್ಕು ಪಂದ್ಯಗಳ ಕಡೆಗೆ ತಿರುಗಿಸಿ.

ಕೊನೆಯ ನಾಲ್ಕರಲ್ಲಿ ನಾಲ್ಕೂ ಒಂದನೆಯ ಸೀಡ್‌ಗಳನ್ನೇ ಬರೆಯುವುದು ಸುರಕ್ಷಿತವೆಂದು ದೊಡ್ಡವರಿಗೆ ತೋರುತ್ತದೆ. 2025ರ ವರೆಗೆ ಹಾಗಾದದ್ದು 2008 ಮತ್ತು 2025ರಲ್ಲಿ, ಎರಡೇ ಸಲ. ಎದುರು ಕಡೆಯಲ್ಲಿ, ಹನ್ನೊಂದನೆಯ ಸೀಡ್ ತಂಡಗಳು ಆರು ಸಲ ಫೈನಲ್ ಫೋರ್ ತಲುಪಿವೆ: 1986ರಲ್ಲಿ ಎಲ್‌ಎಸ್‌ಯು, 2006ರಲ್ಲಿ ಜಾರ್ಜ್ ಮೇಸನ್, 2011ರಲ್ಲಿ ವಿಸಿಯು, 2018ರಲ್ಲಿ ಲಯೋಲಾ ಶಿಕಾಗೋ, 2021ರಲ್ಲಿ ಯುಸಿಎಲ್‌ಎ, 2024ರಲ್ಲಿ ನಮ್ಮ ರಾಲಿಯ ನಾರ್ತ್ ಕ್ಯಾರೊಲೈನಾ ಸ್ಟೇಟ್. ಆದರೆ ಪ್ರಶಸ್ತಿ ಗೆದ್ದ ತಂಡಗಳಲ್ಲಿ ಎಲ್ಲಕ್ಕಿಂತ ಕೆಳಗಿನ ಸೀಡ್ ಎಂಟನೆಯದು, 1985ರಲ್ಲಿ ಜಾರ್ಜ್‌ಟೌನ್ ತಂಡವನ್ನು 66-64ರಿಂದ ಸೋಲಿಸಿದ ವಿಲನೋವಾ. ಹೀಗಾಗಿ ಫೈನಲ್ ಫೋರ್‌ಗೆ ಒಂದು ಅನಿರೀಕ್ಷಿತ ತಂಡವನ್ನು ಸೇರಿಸುವುದು, ಚಾಂಪಿಯನ್ ಆಗಿ ಮಾತ್ರ ಒಂದರಿಂದ ನಾಲ್ಕನೆಯ ಸೀಡ್‌ನೊಳಗಿನವರನ್ನೇ ಆರಿಸುವುದು ವಿವೇಕದ ದಾರಿ.

ಇದು ಲೆಕ್ಕ ನೋಡಿ ತುಂಬುವವರಿಗೆ. ಮನೆಯಲ್ಲಿ ಬೇರೆ ರೀತಿಯವರೂ ಇರುತ್ತಾರೆ, ಅವರನ್ನು ತಿದ್ದಲು ಹೋಗಬಾರದು. ಐದು ವರ್ಷದ ಮಗು ಪ್ರಾಣಿಗಳ ಮೇಲೆ ತಂಡ ಆರಿಸುತ್ತದೆ, ಕನೆಕ್ಟಿಕಟ್ ತಂಡದ ನಾಯಿಗೂ ಕೆಂಟಕಿಯ ಕಾಡುಬೆಕ್ಕಿಗೂ ಜಗಳ ಹಚ್ಚುತ್ತದೆ. ಊರಿನ ಅಜ್ಜಿ, ಅಳಿಯ ಓದಿದ ಕಾಲೇಜು ಇನ್ನೂ ಟೂರ್ನಿಯಲ್ಲಿದೆಯೇ ಎಂದು ಕೇಳಿ ಅದನ್ನೇ ಕೊನೆಯ ವರೆಗೂ ಗೆಲ್ಲಿಸುತ್ತಾರೆ. ಅಂಕಿಅಂಶ ಬಲ್ಲ ಅಣ್ಣ ತಂಗಿಯ ಹಾಳೆಯ ಮೇಲೆ ಬಗ್ಗಿ "ಇದು ಆಗೋದೇ ಇಲ್ಲ" ಎಂದರೆ ಅಲ್ಲಿಗೆ ಆ ಹಾಳೆ ತಂಗಿಯದಾಗಿ ಉಳಿಯುವುದಿಲ್ಲ. ಸಲಹೆ ಕೇಳಿದವರಿಗೆ ಮಾತ್ರ ಕೊಡಬೇಕೆಂಬ ನಿಯಮವನ್ನು ಕಟ್ಟುನಿಟ್ಟಾಗಿ ಪಾಲಿಸಿ. ಪ್ರತಿ ವಿಭಾಗದಲ್ಲಿ ಒಂದು ತಂಡದ ಪಕ್ಕದಲ್ಲಾದರೂ ಆರಿಸಿದ ಕಾರಣವನ್ನು ಒಂದು ಸಾಲಿನಲ್ಲಿ ಬರೆಯಲು ಎಲ್ಲರಿಗೂ ಹೇಳಿ. ಎರಡು ವಾರದ ನಂತರ ಅದನ್ನು ಓದುವುದೇ ಬೇರೊಂದು ಸಂತೋಷ.

ಅಂಕಗಳು ಮತ್ತು ಬಹುಮಾನ

ಸಾಮಾನ್ಯ ಪದ್ಧತಿಯಲ್ಲಿ ಮೊದಲ ಸುತ್ತಿನ ಸರಿಯಾದ ಊಹೆಗೆ 1 ಅಂಕ, ಮುಂದೆ 2, 4, 8, 16, ಅಂತಿಮ ಪಂದ್ಯಕ್ಕೆ 32. ಈ ಪದ್ಧತಿಯಲ್ಲಿ ಚಾಂಪಿಯನ್ ತಪ್ಪಿದವರು ಗೆಲ್ಲುವುದು ಕಷ್ಟವಾಗಿ, ಮೊದಲ ವಾರಾಂತ್ಯಕ್ಕೇ ಚಿಕ್ಕ ಮಕ್ಕಳ ಮುಖ ಸಪ್ಪಗಾಗುತ್ತದೆ. ಮನೆಯ ಆಟಕ್ಕೆ 1, 2, 3, 5, 8, 13 ಎಂಬ ಏರಿಕೆ ಉತ್ತಮ. ಕೆಳಗಿನ ಸೀಡ್ ಗೆಲ್ಲುತ್ತದೆಂದು ಬರೆದು ಅದು ನಿಜವಾದರೆ ಎರಡು ಹೆಚ್ಚುವರಿ ಅಂಕ ಕೊಡಿ. ಪ್ರತಿ ಸುತ್ತಿನಲ್ಲಿ ಹೆಚ್ಚು ಸರಿ ಮಾಡಿದವರಿಗೆ ಪ್ರತ್ಯೇಕ ಬಹುಮಾನವಿರಲಿ; ಬ್ರಾಕೆಟ್ ಮುರಿದವರೂ ಸ್ವೀಟ್ ಸಿಕ್ಸ್‌ಟೀನ್‌ನಿಂದ ಮತ್ತೊಮ್ಮೆ ಹೊಸ ಹಾಳೆ ತುಂಬಲಿ.

ಹಣ ಕಟ್ಟುವುದು ಮಾತ್ರ ಖಂಡಿತ ಬೇಡ. ಪಂದ್ಯದ ನಡುವೆ ಬೆಟ್ಟಿಂಗ್ ಜಾಹೀರಾತುಗಳು ಈಗ ಎಡೆಬಿಡದೆ ಬರುತ್ತವೆ, ಹದಿಹರೆಯದ ಮಕ್ಕಳು ಅವನ್ನೆಲ್ಲ ನೋಡುತ್ತಾರೆ. ಆ ಕುರಿತು ಮನೆಯಲ್ಲಿ ಬಾಯಿಬಿಟ್ಟು ಮಾತಾಡಿ, ಸೋತ ಆಟಗಾರರಿಗೆ ಬಾಜಿ ಕಟ್ಟಿದವರು ಬೈದು ಸಂದೇಶ ಕಳಿಸುವ ಕೆಟ್ಟ ರೂಢಿಯ ಬಗ್ಗೆಯೂ ಹೇಳಿ. ನಮ್ಮಲ್ಲಿ ಗೆದ್ದವರು ಮುಂದಿನ ಭಾನುವಾರದ ಅಡುಗೆ ಏನೆಂದು ನಿರ್ಧರಿಸುತ್ತಾರೆ, ಕೊನೆಯ ಸ್ಥಾನದವರು ಪಾತ್ರೆ ತೊಳೆಯುತ್ತಾರೆ.

ಮೊದಲ ಗುರುವಾರ ಮತ್ತು ಶುಕ್ರವಾರ

ಈ ಎರಡು ದಿನಗಳಲ್ಲಿ ದಿನಕ್ಕೆ ಹದಿನಾರರಂತೆ ಮೂವತ್ತೆರಡು ಪಂದ್ಯಗಳು ನಡೆಯುತ್ತವೆ, ಒಂದೇ ಹೊತ್ತಿಗೆ ನಾಲ್ಕು ಪಂದ್ಯಗಳೂ ನಡೆಯುತ್ತಿರುತ್ತವೆ. ಎಲ್ಲವನ್ನೂ ನೋಡಲು ಹೋದರೆ ಯಾವುದನ್ನೂ ನೋಡಿದಂತಾಗುವುದಿಲ್ಲ. ಮಕ್ಕಳನ್ನು ಶಾಲೆ ಬಿಡಿಸಬೇಕಾಗಿಲ್ಲ. ಶಾಲೆಯಿಂದ ಬಂದವರು ಮೊದಲು ಮಾಡುವ ಕೆಲಸ ಫ್ರಿಜ್ಜಿನ ಹಾಳೆಗಳ ಮುಂದೆ ನಿಂತು ಮಧ್ಯಾಹ್ನದ ಫಲಿತಾಂಶಗಳಿಗೆ ಹಸಿರು ಅಥವಾ ಕೆಂಪು ಗೆರೆ ಎಳೆಯುವುದಾಗಿರಲಿ. ಸಂಜೆಗೆ ಎರಡು ಪಂದ್ಯಗಳನ್ನು ಆರಿಸಿಕೊಳ್ಳಿ. ಮನೆಯವರ ಬ್ರಾಕೆಟ್ಟುಗಳು ಹೆಚ್ಚು ಭಿನ್ನವಾಗಿರುವ ಪಂದ್ಯವೇ ಒಟ್ಟಿಗೆ ನೋಡಲು ಸೂಕ್ತವಾದದ್ದು. ಎಲ್ಲರೂ ಒಂದೇ ತಂಡವನ್ನು ಬರೆದಿರುವ ಪಂದ್ಯದಲ್ಲಿ ರುಚಿಯಿರುವುದಿಲ್ಲ. ಬೇರೆಲ್ಲಾದರೂ ಕೊನೆಯ ನಾಲ್ಕು ನಿಮಿಷದಲ್ಲಿ ಐದು ಅಂಕಗಳೊಳಗಿನ ಅಂತರವಿದ್ದರೆ ಅಲ್ಲಿಗೆ ಹೋಗುವ ಅಧಿಕಾರವನ್ನು ರಿಮೋಟ್ ಹಿಡಿದವರಿಗೆ ಕೊಡಿ, ಆ ಅಧಿಕಾರ ಅರ್ಧಾವಧಿಗೊಮ್ಮೆ ಕೈ ಬದಲಾಗಲಿ.

ತಿಂಡಿಯ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಚುರುಮುರಿಗೆ ಈರುಳ್ಳಿ, ಕ್ಯಾರೆಟ್ ತುರಿ, ಕೊತ್ತಂಬರಿ ಹೆಚ್ಚಿ ಬೇರೆಬೇರೆ ಡಬ್ಬಿಗಳಲ್ಲಿಟ್ಟು, ಅರ್ಧಾವಧಿಯಲ್ಲಿ ಕಲಸಿದರೆ ಮಂಡಕ್ಕಿ ಗರಿಗರಿಯಾಗಿರುತ್ತದೆ. ಅಡುಗೆ ಮಾಡುವವರು ಪಂದ್ಯ ತಪ್ಪಿಸಿಕೊಂಡು ಒಲೆಯ ಮುಂದೆ ನಿಲ್ಲುವಂತಾಗಬಾರದು ಎಂಬುದಷ್ಟೇ ಮುಖ್ಯ.

ಹೊಸಬರಿಗೆ ಆಟವನ್ನು ವಿವರಿಸುವುದು

ಮೊದಲ ದಿನವೇ ಎಲ್ಲ ನಿಯಮಗಳನ್ನು ಹೇಳಿಕೊಟ್ಟರೆ ಕೇಳುವವರಿಗೆ ಬೇಸರ ಬರುತ್ತದೆ. ಪುರುಷರ ಕಾಲೇಜು ಪಂದ್ಯ 20 ನಿಮಿಷಗಳ ಎರಡು ಅವಧಿಗಳದ್ದು; ಚೆಂಡು ಸಿಕ್ಕ ತಂಡ 30 ಸೆಕೆಂಡಿನೊಳಗೆ ಬುಟ್ಟಿಗೆ ಎಸೆಯಬೇಕು; ಕಮಾನಿನ ಆಚೆಯಿಂದ ಹಾಕಿದರೆ ಮೂರು ಅಂಕ, ಒಳಗಿನಿಂದ ಎರಡು; ಐದು ಫೌಲ್ ಮಾಡಿದ ಆಟಗಾರ ಹೊರಗೆ. ಆರಂಭಕ್ಕೆ ಇಷ್ಟು ಸಾಕು. ಗಡಿಯಾರ 16, 12, 8, 4 ನಿಮಿಷಗಳನ್ನು ದಾಟಿದ ಮೇಲೆ ಆಟ ಮೊದಲ ಸಲ ನಿಂತಾಗ ಜಾಹೀರಾತಿನ ವಿರಾಮ ಬರುತ್ತದೆ, ಸಂದೇಹಗಳನ್ನು ಆಗ ಬಗೆಹರಿಸಬಹುದು.

ಹಿರಿಯರಿಗೆ ಅರ್ಥವಾಗದೆ ಕಿರಿಕಿರಿ ಮಾಡುವುದು ಕೊನೆಯ ಎರಡು ನಿಮಿಷ. ಸೋಲುತ್ತಿರುವ ತಂಡ ಬೇಕೆಂದೇ ಹೋಗಿ ಎದುರಾಳಿಯನ್ನು ಹಿಡಿಯುತ್ತದೆ, ಆಟ ಮತ್ತೆ ಮತ್ತೆ ನಿಲ್ಲುತ್ತದೆ, ಎರಡು ನಿಮಿಷ ಹದಿನೈದು ನಿಮಿಷವಾಗುತ್ತದೆ. "ಇದೇನು ಹೀಗೆ ಮೋಸ ಮಾಡ್ತಾರೆ" ಎಂಬ ಮಾತು ಬಂದೇ ಬರುತ್ತದೆ. ಕಾರಣವನ್ನು ನಿಧಾನವಾಗಿ ಹೇಳಿ. ಮುಂದಿರುವ ತಂಡದ ಬಳಿ ಚೆಂಡಿದ್ದರೆ ಅದು ಮೂವತ್ತು ಸೆಕೆಂಡು ಸುಮ್ಮನೆ ಕಳೆಯಬಹುದು. ಫೌಲ್ ಮಾಡಿದರೆ ಗಡಿಯಾರ ನಿಲ್ಲುತ್ತದೆ. ಒಂದು ಅವಧಿಯಲ್ಲಿ ತಂಡದ ಏಳನೆಯ ಫೌಲ್‌ನಿಂದ ಎದುರಾಳಿಗೆ ಒಂದು ಫ್ರೀ ಥ್ರೋ, ಅಂದರೆ ಯಾರ ಅಡ್ಡಿಯೂ ಇಲ್ಲದೆ ಗೆರೆಯಿಂದ ಬುಟ್ಟಿಗೆ ಎಸೆಯುವ ಅವಕಾಶ ಸಿಗುತ್ತದೆ, ಅದನ್ನು ಹಾಕಿದರೆ ಮಾತ್ರ ಎರಡನೆಯದು. ಹತ್ತನೆಯ ಫೌಲ್‌ನಿಂದ ಎರಡೂ ಖಚಿತ. ಹತ್ತೊಂಬತ್ತು ವರ್ಷದ ಹುಡುಗ, ಇಪ್ಪತ್ತು ಸಾವಿರ ಜನರ ಕೂಗಿನ ನಡುವೆ, ಒಂಟಿಯಾಗಿ ಗೆರೆಯ ಬಳಿ ನಿಂತು ಚೆಂಡನ್ನು ಮೂರು ಸಲ ನೆಲಕ್ಕೆ ತಟ್ಟಿ, ಉಸಿರು ಬಿಟ್ಟು ಎಸೆಯುತ್ತಾನೆ. ಅದು ತಪ್ಪಿದರೆ ಸೋಲುವ ತಂಡಕ್ಕೆ ಇನ್ನೊಂದು ಅವಕಾಶ. ಇದು ತಿಳಿದ ಮೇಲೆ ಅದೇ ಅಜ್ಜಿ ಫ್ರೀ ಥ್ರೋ ಹೊತ್ತಿನಲ್ಲಿ ಯಾರನ್ನೂ ಮಾತಾಡಲು ಬಿಡುವುದಿಲ್ಲ.

ಮನೆಯೊಳಗೆ ಎರಡು ಪಕ್ಷಗಳಾದಾಗ

ಡ್ಯೂಕ್ ಮತ್ತು ನಾರ್ತ್ ಕ್ಯಾರೊಲೈನಾ ತಂಡಗಳು ವರ್ಷಕ್ಕೆ ಎರಡು ಮೂರು ಸಲ ಎದುರಾಗುತ್ತವೆ. ಆದರೆ ಈ ಟೂರ್ನಿಯಲ್ಲಿ ಅವು ಮೊದಲ ಬಾರಿಗೆ ಎದುರಾದದ್ದು 2022ರ ಏಪ್ರಿಲ್ 2ರಂದು, ನ್ಯೂ ಆರ್ಲಿಯನ್ಸ್‌ನ ಫೈನಲ್ ಫೋರ್‌ನಲ್ಲಿ. ಡ್ಯೂಕ್ ತಂಡಕ್ಕೆ ಐದು ಪ್ರಶಸ್ತಿ ತಂದ ತರಬೇತುದಾರ ಮೈಕ್ ಷಷೆಫ್‌ಸ್ಕಿ ಅವರ ನಿವೃತ್ತಿಯ ವರ್ಷ ಅದು. ನಾರ್ತ್ ಕ್ಯಾರೊಲೈನಾ 81-77ರಿಂದ ಗೆದ್ದಿತು, ಅದೇ ಅವರ ಕೊನೆಯ ಪಂದ್ಯವಾಯಿತು. ಎರಡು ದಿನದ ನಂತರ ಅರ್ಧಾವಧಿಗೆ 15 ಅಂಕ ಮುಂದಿದ್ದ ನಾರ್ತ್ ಕ್ಯಾರೊಲೈನಾ ತಂಡವೇ ಕ್ಯಾನ್ಸಸ್ ಎದುರು 72-69ರಿಂದ ಸೋತಿತು. ನಮ್ಮ ಭಾಗದಲ್ಲಿ ಗಂಡ ಒಂದು ಕಾಲೇಜಿನವರು, ಹೆಂಡತಿ ಇನ್ನೊಂದರವರು ಎಂಬ ಮನೆಗಳು ಸಾಕಷ್ಟಿವೆ. ಆ ವಾರ ಅಂಥ ಮನೆಗಳಲ್ಲಿ ಮಾತು ಕಡಿಮೆಯಾಗಿತ್ತು.

ಇದಕ್ಕೆ ಕೆಲವು ಒಪ್ಪಂದಗಳನ್ನು ಮೊದಲೇ ಮಾಡಿಕೊಳ್ಳಿ. ಪಂದ್ಯ ನಡೆಯುವಾಗ ಕಾಲೆಳೆಯಬಹುದು, ಮುಗಿದ ಮೇಲೆ ಅರ್ಧ ಗಂಟೆ ಸೋತವರನ್ನು ಕೆಣಕಬಾರದು. ಆಟಗಾರರ ಹೆಸರು ಹಿಡಿದು ಬೈಯಬಾರದು. ಅವರು ವಿದ್ಯಾರ್ಥಿಗಳು, ಅವರಲ್ಲಿ ಹಲವರಿಗೆ ಅದು ಜೀವನದ ಕೊನೆಯ ದೊಡ್ಡ ಪಂದ್ಯ. ಚಿಕ್ಕ ಮಗು ಅತ್ತರೆ "ಆಟ ತಾನೇ" ಎಂದು ತಳ್ಳಿಹಾಕಬೇಡಿ. ಪಕ್ಕದಲ್ಲಿ ಕೂರಿಸಿಕೊಂಡು 2018ರಲ್ಲಿ ಹದಿನಾರನೆಯ ಸೀಡ್ ಎದುರು ತಲೆತಗ್ಗಿಸಿದ ವರ್ಜೀನಿಯಾ ಮರುವರ್ಷ, 2019ರಲ್ಲಿ, ಚಾಂಪಿಯನ್ ಆದ ಕಥೆ ಹೇಳಿ. ಕಟ್ಟುಕಥೆಯಲ್ಲ ಎಂಬ ಕಾರಣಕ್ಕೇ ಅದು ಮಕ್ಕಳ ಮನಸ್ಸಿಗೆ ಇಳಿಯುತ್ತದೆ.

ಮಹಿಳೆಯರ ಟೂರ್ನಿಗೂ ಅಷ್ಟೇ ಜಾಗ ಕೊಡಿ

ಮಹಿಳೆಯರ ಟೂರ್ನಿ 1982ರಲ್ಲಿ ಆರಂಭವಾಯಿತು. ಅದಕ್ಕೂ 68 ತಂಡಗಳು ಮತ್ತು ಮಾರ್ಚ್ ಮ್ಯಾಡ್ನೆಸ್ ಎಂಬ ಹೆಸರು ಸಿಕ್ಕಿದ್ದು 2022ರಲ್ಲಿ. 2024ರ ಅಂತಿಮ ಪಂದ್ಯದಲ್ಲಿ ಸೌತ್ ಕ್ಯಾರೊಲೈನಾ ತಂಡ ಕೇಟ್ಲಿನ್ ಕ್ಲಾರ್ಕ್ ಅವರ ಅಯೋವಾವನ್ನು 87-75ರಿಂದ ಸೋಲಿಸಿದಾಗ, ಅದನ್ನು ಅಮೆರಿಕದಲ್ಲಿ ಟಿವಿಯಲ್ಲಿ ನೋಡಿದವರ ಸಂಖ್ಯೆ ಆ ವರ್ಷದ ಪುರುಷರ ಅಂತಿಮ ಪಂದ್ಯ ನೋಡಿದವರಿಗಿಂತ ಹೆಚ್ಚಿತ್ತು. ಹದಿನಾರನೆಯ ಸೀಡ್ ಒಂದನೆಯದನ್ನು ಸೋಲಿಸುವ ಸಾಹಸವನ್ನೂ ಮಹಿಳೆಯರೇ ಮೊದಲು ಮಾಡಿದ್ದು: 1998ರಲ್ಲಿ ಹಾರ್ವರ್ಡ್ ತಂಡ ಸ್ಟ್ಯಾನ್‌ಫರ್ಡ್ ತಂಡವನ್ನು ಅದರದೇ ಅಂಗಳದಲ್ಲಿ ಮಣಿಸಿತ್ತು.

ಹೆಣ್ಣುಮಕ್ಕಳಿರುವ ಮನೆಯಲ್ಲಿ ಎರಡನೆಯ ಹಾಳೆ ಇದಕ್ಕಾಗಿ ಇರಲೇಬೇಕು ಎಂಬುದು ನನ್ನ ದೃಢ ಅಭಿಪ್ರಾಯ. ಗಂಡುಮಕ್ಕಳಷ್ಟೇ ಇರುವ ಮನೆಯಲ್ಲಿ ಇನ್ನೂ ಹೆಚ್ಚು. ಇದರಲ್ಲಿ ಇನ್ನೊಂದು ಅನುಕೂಲವೂ ಇದೆ. ಮಹಿಳೆಯರ ಮೊದಲ ಎರಡು ಸುತ್ತುಗಳನ್ನು ಅಗ್ರ ಹದಿನಾರು ತಂಡಗಳು ತಮ್ಮ ಕ್ಯಾಂಪಸ್‌ನಲ್ಲೇ ಆಡಿಸುತ್ತವೆ. ನಿಮ್ಮ ಊರಿನ ಕಾಲೇಜಿಗೆ ಆ ಸ್ಥಾನ ಸಿಕ್ಕರೆ ಟಿಕೆಟ್ ತೆಗೆದು ಮಕ್ಕಳನ್ನು ನೇರವಾಗಿ ಕರೆದುಕೊಂಡು ಹೋಗಿ. ಶೂಗಳ ಕಿರ್ರೆನ್ನುವ ಸದ್ದು, ತರಬೇತುದಾರರ ಕೂಗು, ಬೆಂಚಿನ ಮೇಲಿರುವ ಹುಡುಗಿಯರು ಪ್ರತಿ ಬುಟ್ಟಿಗೂ ಎದ್ದು ನಿಲ್ಲುವುದು ಟಿವಿಯಲ್ಲಿ ಇಷ್ಟು ಹತ್ತಿರದಿಂದ ಸಿಗುವುದಿಲ್ಲ.

ಫೈನಲ್ ಫೋರ್ ಮತ್ತು ಸೋಮವಾರ ರಾತ್ರಿ

ಶನಿವಾರ ನೆರೆಯವರನ್ನೂ ಸ್ನೇಹಿತರನ್ನೂ ಕರೆಯಿರಿ, ಸೋಮವಾರ ಮನೆಯವರಷ್ಟೇ ಇರಿ. ಅಂತಿಮ ಪಂದ್ಯ ಮುಗಿಯುವಾಗ ಪೂರ್ವ ಕರಾವಳಿಯಲ್ಲಿ ರಾತ್ರಿ ಹನ್ನೊಂದು ದಾಟಿರುತ್ತದೆ, ಮರುದಿನ ಶಾಲೆಯಿರುತ್ತದೆ. ಚಿಕ್ಕವರನ್ನು ಸಂಜೆ ಒಂದೂವರೆ ಗಂಟೆ ಮಲಗಿಸಿ ಎಬ್ಬಿಸುವುದು, ಸ್ನಾನ ಮತ್ತು ಬ್ಯಾಗಿನ ಕೆಲಸವನ್ನು ಪಂದ್ಯಕ್ಕೆ ಮೊದಲೇ ಮುಗಿಸುವುದು ಒಂದು ದಾರಿ. ಅರ್ಧಾವಧಿಗೆ ಮಲಗಿಸಿ, ಬೆಳಿಗ್ಗೆ ಫಲಿತಾಂಶ ಹೇಳದೆ ಕೊನೆಯ ಐದು ನಿಮಿಷ ತೋರಿಸುವುದು ಇನ್ನೊಂದು. 2016ರಲ್ಲಿ ಕ್ರಿಸ್ ಜೆಂಕಿನ್ಸ್ ಕೊನೆಯ ಕ್ಷಣದಲ್ಲಿ ಎಸೆದ ಮೂರಂಕದ ಚೆಂಡಿನಿಂದ ವಿಲನೋವಾ 77-74ರಿಂದ ನಾರ್ತ್ ಕ್ಯಾರೊಲೈನಾವನ್ನು ಸೋಲಿಸಿದಂಥ ಮುಕ್ತಾಯ ಮತ್ತೆ ಬರಬಹುದಾದ್ದರಿಂದ ಹತ್ತು ವರ್ಷ ಮೇಲ್ಪಟ್ಟವರನ್ನು ಎಚ್ಚರವಾಗಿರಲು ಬಿಡುವುದೇ ಸರಿ.

ಗೆದ್ದ ತಂಡ ಏಣಿ ಹತ್ತಿ ಬುಟ್ಟಿಯ ಬಲೆಯನ್ನು ಕತ್ತರಿಸುವವರೆಗೂ ಟಿವಿ ಆರಿಸಬೇಡಿ. ಒಬ್ಬೊಬ್ಬ ಆಟಗಾರನೂ ಒಂದೊಂದು ಎಳೆ ಕತ್ತರಿಸಿಕೊಂಡು ಇಳಿಯುತ್ತಾನೆ, ಉಳಿದ ಬಲೆ ಕೊನೆಗೆ ತರಬೇತುದಾರರ ಕೈಗೆ ಬರುತ್ತದೆ. ಅಷ್ಟರಲ್ಲಿ ಒಬ್ಬರು ಅಂಕಗಳನ್ನು ಕೂಡಿಸಿ ಮುಗಿಸಲಿ, ಇನ್ನೊಬ್ಬರು ಊರಿಗೆ ಕರೆ ಮಾಡಲಿ, ಅಲ್ಲಿ ಬೆಳಗಾಗಿರುತ್ತದೆ.

ಮರುದಿನ ಫ್ರಿಜ್ಜಿನಿಂದ ಹಾಳೆಗಳನ್ನು ಬಿಚ್ಚಿ, ಮೇಲ್ಭಾಗದಲ್ಲಿ ವರ್ಷ, ಹೆಸರು, ಬರೆದವರ ವಯಸ್ಸು, ಬಂದ ಅಂಕ ಇಷ್ಟನ್ನು ಬರೆದು ಒಂದು ಫೈಲಿನಲ್ಲಿಡಿ. ಮುಂದಿನ ಋತು ನವೆಂಬರ್ ಆರಂಭದಲ್ಲಿ ಶುರುವಾಗುತ್ತದೆ. ಸಣ್ಣ ಕಾಲೇಜುಗಳ ಟಿಕೆಟ್ ಆಗ ಸುಲಭವಾಗಿ, ಕಡಿಮೆ ಬೆಲೆಗೆ ಸಿಗುತ್ತದೆ. ಈ ವರ್ಷ ನಿಮ್ಮ ಮಗು ಪ್ರಾಣಿ ನೋಡಿ ಆರಿಸಿದ ಕಾಲೇಜು ಹತ್ತಿರದಲ್ಲೆಲ್ಲಾದರೂ ಆಡಲು ಬರುತ್ತದೆಯೇ ಎಂದು ಅದರ ವೇಳಾಪಟ್ಟಿ ಪ್ರಕಟವಾದಾಗ ಒಮ್ಮೆ ನೋಡಿ.